ಸೊನ್ನೆಯ ಕೆಳಗಿನ ಗೀಟು

ಬೆರಳು ತೆಗಿಯಮ್ಮಾ, ಬೆರಳು! ಅಕ್ಷರದ ಮೇಲೇ ಇಟ್ಕಂಡಿದೀಯಲ್ಲ... ಹಾಂ, ಹಂಗೆ. ಅಂಚು ಮಾತ್ರ ಹಿಡ್ಕೋ, ಗಾಳಿಗೆ ಏಳ್ತದೆ. ಇರು ಇರು, ಈಗ ನಿನ್ ನೆರಳು ಬಿತ್ತು. ಈ ಕಡೀಕೆ ಬಾ. ಸಾಯಂಕಾಲದ ಬಿಸ್ಲು ನೋಡು, ತೆಂಗಿನ ಗರಿ ಸಂದೀಲಿ ತೂರ್ಕಂಡು ಬಂದು ಕಾಗ್ದದ ಮೇಲೆಲ್ಲ ಗೀಟು ಎಳೀತದೆ. ...ಟಕ್! ಬಂತು. ನೋಡ್ದಾ? ನಾಲ್ಕು ಮೂಲೇನೂ ತಾನೇ ಹಿಡ್ಕಂತು. ಜಾತಿ ಪ್ರಮಾಣಪತ್ರ ಮುಗೀತು. ಇನ್ನೊಂದ್ ಕೊಡು.

ಯಾಕಮ್ಮ ನಗ್ತೀಯಾ? ಈ ಹಲಗೆ ನೋಡಿ? ಹ್ಞೂಂ ಕಣಮ್ಮ, ಅದೇ ಕರಿಹಲಗೆ. ನಿಮ್ಮ ಏಳನೇ ಕ್ಲಾಸಿಂದೇ. ಶಾಲೆಗೆ ಹಸಿರು ಬೋರ್ಡು ಬಂದಾಗ ಇದನ್ನ ಬಿಸಿಯೂಟದ ಒಲೆಗೆ ಹಾಕಕ್ಕೆ ಹೊರಟಿದ್ರು. ಬ್ಯಾಡ ಕಣ್ರಪ್ಪ ಅಂತ ನಾನೇ ಟಿಲ್ಲರ್ ಮೇಲೆ ಹಾಕ್ಕಂಡು ಬಂದೆ. ಈಗ ನೋಡು, ಎರಡು ಸಿಮೆಂಟ್ ಇಟ್ಟಿಗೆ ಮೇಲೆ ಅಂಗಾತ ಮಲಗದೆ. ಈ ಫೋನಿಗೆ ಬಿಳೀ ಕಾಗ್ದ ಕಪ್ಪು ಜಾಗದ ಮೇಲಿದ್ರೇ ಅಂಚು ಗೊತ್ತಾಗದು. ನೆಲದ ಮೇಲಿಟ್ರೆ ತಬ್ಬಿಬ್ಬಾಯ್ತದೆ, ಕಾಗ್ದ ಬಿಟ್ಟು ನನ್ ಕಾಲಿನ ಹೆಬ್ಬೆರಳಿಗೆ ಚೌಕ ಹಾಕ್ತದೆ! ...ಇದರ ಮುಂದೆ ನಿಂತ್ಕಂಡು ನೀನು ಹತ್ತೊಂಬತ್ತರ ಮಗ್ಗಿ ಹೇಳಿದ್ದೆ, ಜ್ಞಾಪಕ ಅದಾ ರಾಧಾಮಣಿ? ಒಂದು ಕಡೆನೂ ತಡವರಿಸ್ಲಿಲ್ಲ. ನಮ್ ಸಿಂಧು ಹದಿಮೂರರಲ್ಲೇ ನಿಂತ್ಕಂಡ್ಳು, ಹೆಡ್‌ಮಾಸ್ಟ್ರ ಮಗಳಾಗಿ!

ಮೇಲಕ್ ಬಾ, ಜಗಲಿ ಮೇಲೆ ಕೂತ್ಕೋ ಬಾ. ಮೆಟ್ಲ ಮೇಲೆ ಯಾಕೆ? ಈಗಿನ ಕಾಲದಲ್ಲಿ ಯಾರಮ್ಮ ಅವೆಲ್ಲ ನೋಡ್ತಾರೆ... ಆಯ್ತು ಬುಡು. ನಿಮ್ಮಪ್ಪನೂ ಅಲ್ಲೇ ಕೂರ್ತಿದ್ದ. ...ಗುರುಸಿದ್ದೀ! ಲೇ, ಕೇಳಿಸ್ತಾ? ಎರಡು ಲೋಟ ಟೀ ಮಾಡು. ಚಿಕ್ಕಹನುಮಯ್ಯನ ಮಗಳು ಬಂದವಳೆ. ಹೂಂ, ರಾಧಾಮಣಿನೇ!

ನಿನ್ ಫೋನ್ ಕೊಡಿಲ್ಲಿ. ನೀನು ಮನೇಲೇ ಹೊಡ್ಕಂಡು ಬಂದಿರೋ ಫೋಟೋ ನೋಡಿದ್ರೆ ಎಲ್ಲ ಮಂಜು ಕವಿದಂಗೆ ಅವೆ. ಯಾಕ್ ಹೇಳು? ಎಣ್ಣೆ! ಕೊಬ್ಬರಿ ಚಿಪ್ಪು ಒಡೆಯಕ್ಕೆ ಹೋಗ್ತೀಯಲ್ಲ, ಆ ಕೈಲೇ ಫೋನ್ ಮುಟ್ತೀರಿ, ಕ್ಯಾಮೆರಾ ಗಾಜಿಗೆ ಎಣ್ಣೆ ಹತ್ತಿರ್ತದೆ. ನಮ್ ಕಡೇಲಿ ಯಾರ ಫೋನ್ ತಗಂಡ್ರೂ ಅಷ್ಟೇ. ಅದಕ್ಕೇ ಈ ಸೀಗೆಪುಡಿ, ಈ ಬಟ್ಟೆ. ...ಹಿಂಗೆ ಒಂದ್ಸಲ ಉಜ್ಜಿದ್ರೆ ಲಕಲಕ ಅಂತದೆ. ಹುಳಿಯಾರಿಗೆ ಹೋದ್ರೂ ನಿಮಗೆ ಇದನ್ನ ಯಾರೂ ಹೇಳ್ಕೊಡಲ್ಲ. ಕಂದಿಕೆರೆಯಿಂದ್ಲೂ ಬತ್ತಾರೆ ನನ್ ಹತ್ರ. ಪಿಂಚಣಿ, ಸ್ಕಾಲರ್‌ಶಿಪ್ಪು, ಪಹಣಿ... ಏನೇ ಇರ್ಲಿ, ಫೋಟೋ ಹೊಡ್ದು, ಸೊಟ್ಟ ತಿದ್ದಿ, ಇನ್ನೂರು ಕೆಬಿಗೆ ಇಳಿಸಿ ಕೈಗೆ ಕೊಡ್ತೀನಿ. ಒಂದ್ ಪೈಸೆ ಮುಟ್ಟಲ್ಲ. ಪಿಡಿಎಫ್ ಮೇಷ್ಟ್ರು ಅಂತ ಹೆಸರಿಟ್ಟವರೆ! ಎಪ್ಪತ್ತೊಂದು ವರ್ಷಕ್ಕೆ ಇನ್ನೇನಮ್ಮ, ಯಾರಿಗಾದ್ರೂ ಉಪಯೋಗಕ್ಕೆ ಬಂದ್ರೆ ಸಾಕು.

ವಾಸಸ್ಥಳದ್ದು... ಟಕ್. ಪಿಯುಸಿ ಮಾರ್ಕ್ಸ್ ಕಾರ್ಡು... ಟಕ್. ಅಬ್ಬಾ, ಎಪ್ಪತ್ತೆಂಟು ಪರ್ಸೆಂಟು! ಗಂಡ ಮಕ್ಕಳು ಕಟ್ಕಂಡು, ಕೊಬ್ಬರಿ ಒಡ್ಕಂಡು, ಮನೇಲೇ ಓದಿ! ಈ ಸಲ ಕೆಲ್ಸ ನಿಂದೇ ಕಣಮ್ಮ. ನಮ್ಮೂರ ಅಂಗನವಾಡಿಗೆ ನಿನಗಿಂತ ಯಾರು ಬೇಕು ಟೀಚರ್ರು? ಹದಿನಾರು ವರ್ಷಕ್ಕೆ ಈಗ ಖಾಲಿ ಬಿದ್ದದೆ ಆ ಜಾಗ, ಈಗ ತಪ್ಪಿದ್ರೆ ಮುಗೀತು. ನಿನ್ ಗಂಡ ಬಾಲರಾಜು ಮರದಿಂದ ಬಿದ್ದು ಸೊಂಟ ಮುರ್ಕಂಡ ಮೇಲೆ ಮನೆ ನಿನ್ ಮೇಲೇ ತಾನೆ ನಿಂತಿರೋದು. ಸುಷ್ಮಿತಾ ಎಷ್ಟನೇ ಕ್ಲಾಸು ಈಗ? ...ಎಂಟಾ! ಅಗೋ, ನಿನ್ ಮುಖದಲ್ಲಿ ನಗು ಬಂತು. ಓದ್ಸು, ಓದ್ಸು.

ಮುಂದಿಂದು ಕೊಡು. ...ಇದೇನಿದು? ಮದ್ವೆ ಕರಪತ್ರ. ಇದನ್ನ ಇನ್ನೂ ಇಟ್ಕಂಡಿದೀಯಾ? ಮಡಿಕೆ ಮಡಿಕೆಗೂ ಹರಿದೋಗದೆ. ಇದು ಬ್ಯಾಡ ಬುಡು. ಮದ್ವೆ ಆಗದೆ ಅನ್ನಕ್ಕೆ ಆಧಾರ್‌ನಲ್ಲಿ ಗಂಡನ ಹೆಸ್ರು ಅದೆಯಲ್ಲ, ಸಾಕು. ಹಲಗೆ ಕೆಳೀಕೆ ಇಡ್ತೀನಿ, ಹಾರೋದಾತು. ...ಎಸ್ಸೆಸ್ಸೆಲ್ಸಿ ಕಾರ್ಡು ಎಲ್ಲಿ? ಹಾಂ. ಟಕ್.

ಏನು?... ಸ್ವಲ್ಪ ಗಟ್ಟಿಯಾಗಿ ಹೇಳಮ್ಮ, ಕಿವಿ ಮಂದ ಆಗದೆ. ಅರ್ಜಿ ತಗಂತಾ ಇಲ್ವಾ? ಯಾರು ಹೇಳಿದ್ದು, ಜ್ಞಾನೇಶನಾ? ಹುಳಿಯಾರಲ್ಲಿ ಆನ್‌ಲೈನ್ ಅಂಗಡಿ ಇಟ್ಟವನಲ್ಲ, ಅವನೇ ತಾನೆ? ಅವನಿಗೆ ಅವಸರ ಜಾಸ್ತಿ, ಏನೋ ತಪ್ಪು ಒತ್ತಿರ್ತಾನೆ... ವಯಸ್ಸಾ? ಮೂವತ್ತೈದು ತುಂಬಿರ್ಬಾರ್ದು ಅಂತದೆ. ನಿನಗೆ... ಒಂದು ಆರು ತೊಂಬತ್ತು. ಅಂದ್ರೆ ಮೂವತ್ತೈದು ತುಂಬಿ... ಜೂನು, ಜುಲೈ, ಆಗಸ್ಟು... ಮೂರು ತಿಂಗಳು. ಅಯ್ಯೋ. ಬರೀ ಮೂರು ತಿಂಗಳಿಗಾ!

ಛೆ. ...ಛೆ ಛೆ.

ಏನ್ ಮಾಡಕ್ಕಾಯ್ತದೆ ಹೇಳು. ಆ ಕಾಲದಲ್ಲಿ ಹುಟ್ಟಿದ ತಾರೀಕು ಯಾರಿಗಮ್ಮ ಗೊತ್ತಿತ್ತು? ಮಗೀನ ಕರ್ಕಂಡು ಬರೋರು, ಯಾವಾಗ ಹುಟ್ಟಿದ್ದು ಅಂದ್ರೆ, ಕೆರೆ ಕೋಡಿ ಬಿದ್ದ ವರ್ಷ ಸಾ ಅನ್ನೋರು. ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಸಿ ನೋಡೋದು. ಮುಟ್ಟಿದ್ರೆ ಆರು ವರ್ಷ. ಬರ್ಕೋ, ಜೂನ್ ಒಂದು. ನಮ್ಮೂರಲ್ಲಿ ಅರ್ಧ ಜನ ಹುಟ್ಟಿರೋದು ಜೂನ್ ಒಂದಕ್ಕೇ! ಜೂನ್ ಒಂದಕ್ಕೆ ನನ್ ಫೋನಿಗೆ ಎಷ್ಟು ಹುಟ್ಟುಹಬ್ಬ ಬತ್ತವೆ ಗೊತ್ತಾ? ...ನಗ್ತಿದ್ದೆಯಲ್ಲ, ಈಗ ಯಾಕ್ ನಗಲ್ಲ?

ಅದು ಒಬ್ಬರ ತಪ್ಪಲ್ಲ ಕಣಮ್ಮ. ಪದ್ಧತಿ. ಎಲ್ಲಾ ಮೇಷ್ಟ್ರುಗಳೂ ಹಂಗೇ ಬರೀತಿದ್ದದ್ದು. ನಿಮ್ಮಪ್ಪ ಏನಂದನೋ, ನಾನೇನು ಬರ್ಕಂಡ್ನೋ... ನೀನಾದ್ರೂ ಏಳನೇ ಕ್ಲಾಸು ಮುಗಿದಾಗ್ಲೇ ಟಿಸಿ ಈಸ್ಕಂಡು ಹೋಗಿದ್ರೆ ಇದ್ದಿದ್ದು ಇದ್ದಂಗೇ ಇರ್ತಿತ್ತು... ಅಂದ್ರೆ... ಮಾತಿಗಂದೆ. ಟಿಸಿ ಲೇಟಾಗಿ ಈಸ್ಕಂಡ್ರೆ ನೂರೆಂಟು ತಾಪತ್ರಯ ಅಂತ, ಅಷ್ಟೇ.

ಯಾಕಮ್ಮ ಹಂಗ್ ನೋಡ್ತೀಯಾ?

ಟೀ ಬಂತು, ತಗೋ. ಗುರುಸಿದ್ದೀ, ನೀನು ಒಳೀಕ್ ಹೋಗು. ಏನಿಲ್ಲ, ಅರ್ಜಿ ವಿಚಾರ. ಹೋಗು ಅಂದ್ನಲ್ಲ! ...ಕುಡಿ ರಾಧಾಮಣಿ, ಆರೋಯ್ತದೆ. ನೋಡು, ಸಹಾಯಕಿ ಕೆಲ್ಸಕ್ಕೂ ಕರೀತಾರೆ ಮುಂದೆ. ನಾನು ಯಾರಿಗಾದ್ರೂ ಒಂದ್ ಮಾತು ಹೇಳ್ತೀನಿ. ತಿಪಟೂರಲ್ಲಿ ಸಿಂಧು ಅವಳೆ, ಕಾಲೇಜಲ್ಲಿ ಲೆಕ್ಚರರ್ರು, ಅವಳಿಗೆ ಆಫೀಸಿನೋರು ಗೊತ್ತಿರ್ತಾರೆ... ಬ್ಯಾಡ್ವಾ? ಹೂಂ. ಬ್ಯಾಡ ಅಂದ್ರೆ ಬ್ಯಾಡ.

ಇನ್ನೊಂದು ಫೋಟೋನಾ? ಫೋನಲ್ಲೇ ಅದಾ? ಎಲ್ಲಿ, ತೋರ್ಸು. ಸರ್ಸು... ಇದು ಸುಷ್ಮಿತಾಳ ಫೋಟೋ... ಇದು ಆಧಾರ್ರು... ಇದು...

...ಇದನ್ನ ಎಲ್ಲಿ ಹೊಡ್ದೆ?

ಶಾಲೇಲಾ? ದಾಖಲಾತಿ ರಿಜಿಸ್ಟ್ರನ್ನ ಹೊರಗಿನೋರಿಗೆ ತೋರಿಸ್ಬಾರ್ದು ಕಣಮ್ಮ! ಈಗಿನ ಹೆಡ್‌ಮೇಡಂ ಗಿರಿಜಾಂಬಿಕಾ ತಾನೆ ತೆಗ್ದುಕೊಟ್ಟಿದ್ದು? ರೂಲ್ಸು ಗೊತ್ತಿಲ್ವಾ ಆಯಮ್ಮಂಗೆ? ...ಸಿಟ್ಟಲ್ಲ. ಸಿಟ್ಟಲ್ಲಮ್ಮ, ನಾನ್ಯಾಕೆ ಸಿಟ್ಟಾಗ್ಲಿ. ಫೋಟೋ ಚೆನ್ನಾಗ್ ಬಂದಿಲ್ಲ, ಅದಕ್ಕಂದೆ. ಮಸುಕಾಗದೆ. ಎಣ್ಣೆ, ಎಣ್ಣೆ. ಇದನ್ನ ಪಿಡಿಎಫ್ ಮಾಡಿದ್ರೂ ಯಾರಿಗೂ ಓದಕ್ಕಾಗಲ್ಲ. ಅಳಿಸ್ಲಾ?

ಆಯ್ತು, ಆಯ್ತು, ಅಳಿಸಲ್ಲ. ಕೈ ಬುಡು.

ಯಾತಕ್ ಬೇಕಂತೆ ಇದು? ...ಆಕ್ಷೇಪಣೆ ಅರ್ಜಿಗಾ. ಹೂಂ. ಇವತ್ತೇ ಕೊನೇ ದಿನ, ಏಳು ಗಂಟೆ ಒಳಗೆ ಜ್ಞಾನೇಶ ಹಾಕ್ತಾನಂತಾ... ರಿಜಿಸ್ಟ್ರಿನ ಪುಟ ಒಂದು, ಅದನ್ನ ಬರೆದ ಹೆಡ್‌ಮಾಸ್ಟ್ರ ಹೇಳಿಕೆ ಒಂದು. ಎರಡೂ ಪಿಡಿಎಫ್ ಆಗಿರ್ಬೇಕು. ಹಂಗಾದ್ರೆ ಅರ್ಜಿ ಪರಿಶೀಲನೆಗಾದ್ರೂ ಉಳೀತದೆ ಅಂತ... ಹೆಡ್‌ಮೇಡಂ ಹಂಗಂದ್ರಾ? ಇನ್ನೇನಂದ್ರು? ಬರೆದಿದ್ದು ನಾನಲ್ಲ, ಬರೆದೋರ ಹತ್ರ ಹೋಗು ಅಂದ್ರಾ.

ಅದಕ್ಕೆ ಬಂದಿದೀಯ. ...ನಾನು, ಹಳೇ ಮೇಷ್ಟ್ರು ಅಂತ ಹುಡುಕ್ಕಂಡು ಬಂದ್ಲಲ್ಲ ಅಂತ ಖುಷಿಪಟ್ನಲ್ಲ.

ಅಲ್ಲಮ್ಮ, ಅದರಲ್ಲಿ ತಪ್ಪೇನದೆ? ನೋಡು ನೀನೇ. ರಾಧಾಮಣಿ, ತಂದೆ ಚಿಕ್ಕಹನುಮಯ್ಯ, ಒಂದು ಆರು ಸಾವಿರದ ಒಂಬೈನೂರ ತೊಂಬತ್ತು. ನನ್ ಅಕ್ಷರನೇ. ಅಕ್ಷರದಲ್ಲಿ ಬರೆಯೋ ಕಾಲಂ ನಾನು ತುಂಬ್ತಿರ್ಲಿಲ್ಲ, ಸೋಮಾರಿತನ, ಅದೊಂದು ತಪ್ಪು ಒಪ್ಕತೀನಿ. ಅಷ್ಟು ಬಿಟ್ರೆ ಎಲ್ಲಾ ಸ್ಪಷ್ಟವಾಗೇ...

ಏನ್ ಮಾಡ್ತೀಯಾ? ಅದನ್ನ ಒತ್ತಬ್ಯಾಡ. ರಾಧಾಮಣಿ, ಆ ಬಣ್ಣದ್ದು ಒತ್ತಬ್ಯಾಡ ಕಣೇ!

...ಒತ್ತೇಬಿಟ್ಟೆ.

ನಾನೇ ಹೇಳ್ಕೊಟ್ಟಿದ್ದು ಊರಿಗೆಲ್ಲ. ಮಾಸಿದ ಕಾಗ್ದ ಇದ್ರೆ ಇದನ್ನ ಒತ್ತಿ, ಇಂಕು ಎದ್ದು ಕಾಣ್ತದೆ ಅಂತ. ಹೋದ ತಿಂಗಳು ನಿಮ್ಮ ಓಣಿಯೋರಿಗೂ ಹೇಳ್ಕೊಟ್ಟೆ. ನೀನು ಹಿಂದ್ಗಡೆ ನಿಂತಿದ್ದೆ, ಅಲ್ವಾ? ...ಎಷ್ಟು ಬೇಗ ಕಲ್ತೆ. ಯಾವಾಗ್ಲೂ ಹಂಗೇ ನೀನು.

ದೊಡ್ಡದು ಮಾಡ್ಬೇಡ. ಕಾಣ್ತದೆ ನನಗೆ. ಕನ್ನಡಕ ಇಲ್ದಿದ್ರೂ ಕಾಣ್ತದೆ. ಸಾಲೆಲ್ಲಾ ಹಳೇ ಇಂಕು, ಕಂದು ತಿರುಗದೆ. ಸೊನ್ನೆ ಒಂದೇ ನೀಲಿ. ಕೆಳಗೆ ಒಂದು ಗೀಟು ಉಳ್ಕಂಡದೆ... ಎರಡರ ಕಾಲು ಅದು. ಬ್ಲೇಡಲ್ಲಿ ಎಷ್ಟು ಕೆರೆದ್ರೂ ಆ ಗೀಟು ಹೋಗ್ಲಿಲ್ಲ. ಕಾಗ್ದ ತೂತಾಯ್ತದೆ ಅಂತ ಬಿಟ್ಟೆ. ಹದಿನಾರು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ.

ಹೌದು. ಮೇಲಿನ ಸಾಲು ನಮ್ ಸಿಂಧುದು. ಹದಿನೇಳು ಹನ್ನೊಂದು ತೊಂಬತ್ತೆರಡು. ಅವಳದ್ದು ನಿಜವಾದ ತಾರೀಕು, ನನಗೆ ಗೊತ್ತಿತ್ತಲ್ಲ. ಆ ಪುಟದಲ್ಲಿರೋರೆಲ್ಲಾ ತೊಂಬತ್ತೆರಡೇ. ನೀನೊಬ್ಬಳೇ ತೊಂಬತ್ತು.

ಕೇಳು. ಕೇಳಮ್ಮ, ಎದ್ದೋಗ್ಬೇಡ. ಕೂತ್ಕೋ. ಹೇಳ್ತೀನಿ. ನಿನಗೆ ಗೊತ್ತಿರೋದೇ ಅಲ್ವಾ ಅದು. ಮದ್ವೆಗೆ ವಯಸ್ಸು ಸಾಲ್ದೆ ಇತ್ತು. ಸಾಮೂಹಿಕ ಲಗ್ನದಲ್ಲಿ ಹೆಣ್ಣಿಗೆ ಹದಿನೆಂಟು ತುಂಬಿದೆ ಅನ್ನೋ ಕಾಗ್ದ ಶಾಲೆಯಿಂದ ತರ್ಬೇಕು ಅಂತ ಕಟ್ಟುನಿಟ್ಟಾಗಿತ್ತು. ನಿನಗೆ ಹದಿನೇಳೂ ತುಂಬಿರ್ಲಿಲ್ಲ. ನಿಮ್ಮಪ್ಪ ಬಂದ. ಇಲ್ಲೇ, ಈ ಮೆಟ್ಲ ಹತ್ರ ನಿಂತ್ಕಂಡ, ಟವೆಲ್ ಕಂಕುಳಲ್ಲಿ ಇಟ್ಕಂಡು. ಹೆಂಡ್ತಿ ಇಲ್ದ ಮನೆ, ಬೆಳೆದ ಹೆಣ್ಮಗಳು... ಕೇಳ್ಕಂಡ. ನನಗೂ ಕನಿಕರ ಆಯ್ತು. ಮಾಡ್ಕೊಟ್ಟೆ. ಕಾಸಿನ ಆಸೆಗಲ್ಲ ಕಣಮ್ಮ, ಒಂದು ತೆಂಗಿನಕಾಯಿನೂ ಮುಟ್ಲಿಲ್ಲ ನಾನು. ಅಪ್ಪ ಕೇಳ್ದ, ಮೇಷ್ಟ್ರು ಮಾಡ್ಕೊಟ್ಟ. ತಪ್ಪೇ. ತಪ್ಪಿಲ್ಲ ಅನ್ನಲ್ಲ. ಆದ್ರೆ ಹೆತ್ತೋನೇ ಬಂದು ಬೇಡ್ಕಂಡಾಗ...

ಕಾಗ್ದ ಎಲ್ಲ ಯಾಕಮ್ಮ ಜೋಡಿಸ್ಕತೀಯಾ?

ಬೈಯಾದ್ರೂ ಬೈ. ನೀನು ಹತ್ತನೇ ಕ್ಲಾಸು ಪ್ರೈವೇಟಾಗಿ ಬರೀತೀನಿ ಸಾ ಅಂತ ಬಂದಿದ್ದೆ, ಸಿಂಧು ಹಳೇ ಪುಸ್ತಕ ನಾನೇ ಕೊಟ್ಟಿದ್ದೆ. ಬರೀತೀಯಾ ಕಣಮ್ಮ, ಬರೀತೀಯಾ ಅಂದಿದ್ದೆ. ಆ ಪುಸ್ತಕ ಕಂಕುಳಲ್ಲಿ ಇಟ್ಕಂಡು ಗದ್ದೆ ಬದು ಮೇಲೆ ಹೋಗ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ದಂಗದೆ. ಎರಡು ತಿಂಗಳಿಗೆ ನಿನ್ ಲಗ್ನ. ...ಅದನ್ನಾದ್ರೂ ಕೇಳು, ನ್ಯಾಯವಾಗದೆ.

ಆಯ್ತು. ಹೇಳಿಕೆ ತಾನೆ? ಬರ್ಕೊಡ್ತೀನಿ. ಪಿಂಚಣಿ ನಿಲ್ಲಿಸ್ತಾರೋ, ಕೇಸು ಹಾಕ್ತಾರೋ, ಏನ್ ಬೇಕಾದ್ರೂ ಮಾಡ್ಕಳ್ಲಿ. ಇಷ್ಟು ವರ್ಷ ಬದುಕಿದ್ದಾಯ್ತು. ನಿನ್ ಕೆಲ್ಸ ನನ್ನಿಂದ ತಪ್ಪಿತು ಅನ್ನೋದು ಬ್ಯಾಡ. ಆ ಹಾಳೆ ಕೊಡಿಲ್ಲಿ, ಆ ಪೆನ್ನು. ಹಲಗೆ ಮೇಲೇ ಇಟ್ಟು ಬರೀತೀನಿ, ಬರೆದ ತಕ್ಷಣ ಫೋಟೋ ಹೊಡೀಬಹುದು. ಬೆಳಕು ಹೋಗೋದ್ರೊಳಗೆ ಮುಗಿಸಾಣ.

ಓದ್ಕಂಡೇ ಬರೀತೀನಿ, ಕೇಳು. "ಈ ಮೂಲಕ ದೃಢೀಕರಿಸುವುದೇನೆಂದರೆ... ಮಲ್ಲಿಕಾರ್ಜುನಯ್ಯ ಆದ ನಾನು, ನಿವೃತ್ತ ಮುಖ್ಯೋಪಾಧ್ಯಾಯ... ಸದರಿ ಶಾಲೆಯ ದಾಖಲಾತಿ ವಹಿಯಲ್ಲಿ ಕುಮಾರಿ ರಾಧಾಮಣಿ ಇವರ ಜನ್ಮದಿನಾಂಕವನ್ನು ಮೂಲತಃ ಒಂದು ಆರು ಸಾವಿರದ ಒಂಬೈನೂರ ತೊಂಬತ್ತೆರಡು ಎಂದು ನಮೂದಿಸಿದ್ದು..." ಅಕ್ಷರ ಸೊಟ್ಟ ಆದ್ರೆ ಆಪ್‌ನಲ್ಲಿ ನೇರ ಮಾಡಕ್ಕಾಗಲ್ಲ, ಹ್ಹ... "ತದನಂತರ, ಬಾಲಕಿಯ ತಂದೆಯವರಾದ ಚಿಕ್ಕಹನುಮಯ್ಯನವರ ಕೋರಿಕೆಯ ಮೇರೆಗೆ ಸದರಿ ದಿನಾಂಕವನ್ನು ನಾನೇ ಸ್ವಹಸ್ತದಿಂದ..."

ಬೆರಳು ತೆಗಿಯಮ್ಮ.

ಬರೀತಾ ಇದೀನಿ, ಇಂಕು ಆರಿಲ್ಲ, ಅಳಿಸೋಯ್ತದೆ. ಬೆರಳು ತೆಗಿ.

...ಯಾವ ಪದದ ಮೇಲೆ ಇಟ್ಟಿದೀಯಾ? "ಕೋರಿಕೆಯ ಮೇರೆಗೆ." ಯಾಕೆ, ತಪ್ಪೇನದೆ ಅದರಲ್ಲಿ? ಸರ್ಕಾರಿ ಭಾಷೆ ಕಣಮ್ಮ. ಕೇಳ್ಕಂಡಿದ್ದಕ್ಕೆ ಅಂತ ಅರ್ಥ. ನಿಮ್ಮಪ್ಪ ಕೇಳ್ಕಂಡಿದ್ದಕ್ಕೆ...

ತೆಗಿ ಅಂದ್ನಲ್ಲ.

ತೆಗಿಯಲ್ವಾ?

ನಿಮ್ಮಪ್ಪ ನಿನಗೆ ಏನ್ ಹೇಳಿದ್ದ ರಾಧಾಮಣಿ? ...ಗೊತ್ತು. ನನಗೆ ಗೊತ್ತು ಅವನೇನು ಹೇಳಿದ್ದ ಅಂತ. ನಿನ್ ಗಂಡನ ಮನೆ ಬಾಗ್ಲಿಗೆ ಬಂದು ನಿಂತ್ಕಂಡು, ನಾನು ತಿದ್ಸಿಲ್ಲ ಕಣವ್ವಾ ಅಂದಿದ್ದ. ನೀನು ಒಳೀಕೆ ಕರೀಲಿಲ್ಲ. ಒಂದು ಲೋಟ ನೀರೂ ಕೊಡ್ಲಿಲ್ಲ. ಹೆಂಗ್ ಗೊತ್ತು ಅಂತ ನೋಡ್ತೀಯಾ? ಅವತ್ತೇ ಅವನು ಅಲ್ಲಿಂದ ಇಲ್ಲಿಗೇ ಬಂದ. ನೀನು ಕೂತಿದ್ದೆಯಲ್ಲ, ಅದೇ ಮೆಟ್ಲು. ಬಿಸ್ಲಲ್ಲಿ ನಡ್ಕಂಡು ಬಂದಿದ್ದ, ಉಸಿರು ಕಟ್ತಿತ್ತು, ಆಗ್ಲೇ ಕಾಯಿಲೆ ಬಿದ್ದಿದ್ದ. "ನಾನ್ ಹೇಳಿದ್ರೆ ನಂಬಲ್ಲ ಸಾ. ನೀವು ಒಂದ್ಸಲ ಬಂದು ಹೇಳಿ ಸಾ, ನಿಮ್ ಮಾತು ನಂಬ್ತಾಳೆ." ಅಷ್ಟು ಕೇಳ್ದ. ನಾಳೆ ಬತ್ತೀನಿ ಕಣೋ ಚಿಕ್ಕಹನುಮ ಅಂದೆ.

ನಾಳೆ ಬತ್ತೀನಿ ಅಂದೆ.

ಅವನು ಮತ್ತೆ ಎರಡು ತಿಂಗಳು ಇದ್ದ. ಎರಡು ತಿಂಗಳೂ ನಾನು ನಿಮ್ ಓಣೀಲಿ ಹಾಯ್ಲಿಲ್ಲ. ಹೆಣ ಎತ್ತುವಾಗ ಬಂದೆ. ನೀನು ಮೂಲೇಲಿ ಕೂತಿದ್ದೆ, ಕಣ್ಣಲ್ಲಿ ಒಂದು ಹನಿ ನೀರಿರ್ಲಿಲ್ಲ. ಅವತ್ತಾದ್ರೂ ಹೇಳ್ಬೇಕಿತ್ತು. ನಾಲ್ಕು ಜನದ ಎದುರಿಗೆ ಹೆಂಗ್ ಹೇಳ್ಲಿ ಅಂತ ಸುಮ್ಮನಾದೆ. ಆಮೇಲೆ, ಸತ್ತೋನಿಗೆ ಏನಾಗ್ಬೇಕು ಅಂತ ಸುಮ್ಮನಾದೆ. ಈಗ್ಲೂ, ಈ ಕಾಗ್ದದಲ್ಲೂ, ಅವನ ಹೆಸ್ರೇ ಬರೆದೆ ನೋಡು. ಕೈ ತಾನಾಗೇ ಬರೀತು.

ಗುರುಸಿದ್ದೀ, ಬಾಗ್ಲ ಹಿಂದೆ ನಿಂತಿದೀಯಲ್ಲ... ನಿಂತ್ಕೋ. ನೀನೂ ಕೇಳು. ನಿನಗೂ ಹೇಳಿಲ್ಲ ನಾನು.

ಆ ಕರಪತ್ರ... ಯಾವಾಗ ತೆಗ್ದೆ ಹಲಗೆ ಕೆಳಗಿಂದ? 

ಹೂಂ. ಇಡು. ಹಲಗೆ ಮೇಲೇ ಇಡು. ನನಗೆ ಓದಕ್ಕೆ ಕನ್ನಡಕ ಬ್ಯಾಡ, ಬರೆದೋನೇ ನಾನು. "ಇಪ್ಪತ್ತೊಂದು ಜೋಡಿಗಳ ಸಾಮೂಹಿಕ ವಿವಾಹ ಮಹೋತ್ಸವ." ಕೆಳಗೆ, ಕಾರ್ಯದರ್ಶಿ, ಮಲ್ಲಿಕಾರ್ಜುನಯ್ಯ. ಎರಡು ಸಾವಿರ ಪ್ರತಿ ಅಚ್ಚಾಗಿತ್ತು ಕಣಮ್ಮ. ಹುಳಿಯಾರು, ಕೆಂಕೆರೆ, ಕಂದಿಕೆರೆ, ಬಸ್ಸು ಬಸ್ಸಿಗೂ ಅಂಟಿಸಿದ್ರು. ಲಗ್ನಕ್ಕೆ ಇನ್ನು ಒಂಬತ್ತು ದಿನ ಇತ್ತು. ಸಣ್ಣತಿಮ್ಮಯ್ಯನ ಮಗಳ ಜೋಡಿ ಹಿಂದಕ್ ಸರೀತು. ಇಪ್ಪತ್ತಕ್ಕೆ ನಿಂತೋಯ್ತು. ಇಪ್ಪತ್ತೊಂದು ತಾಳಿ, ಇಪ್ಪತ್ತೊಂದು ಸೀರೆ ಬಂದವೆ, ಇಪ್ಪತ್ತೊಂದು ಹಸೆಮಣೆ ಹಾಕವ್ರೆ. ಒಂದು ಮಣೆ ಖಾಲಿ ಬಿಡಕ್ಕಾಯ್ತದಾ? ಏನ್ ಕಾರ್ಯದರ್ಶಿನಯ್ಯ ನೀನು ಅಂತಾರೆ ಅಂತ... ಅದೊಂದೇ ತಲೇಲಿ.

ಆವಾಗ ನಿಮ್ ಸೋದರತ್ತೆ ರಂಗಕ್ಕ ಬಂದ್ಲು. ನಮ್ ಕಡೆ ಹುಡ್ಗ ಬಾಲರಾಜು ಅವ್ನೆ, ಅಣ್ಣನ ಮಗಳು ಅವ್ಳೆ, ಅಣ್ಣ ಒಬ್ಬ ಒಪ್ತಾ ಇಲ್ಲ, ವಯಸ್ಸಿಲ್ಲ ಅಂತಾನೆ ಅಂದ್ಲು. ವಯಸ್ಸಿಂದು ನಾನ್ ನೋಡ್ಕತೀನಿ, ನೀನು ಅವನನ್ನ ಕಳ್ಸು ಅಂದೆ.

ಮಾರನೇ ದಿನ ಬೆಳಗ್ಗೆ ನಿಮ್ಮಪ್ಪ ಬಂದ. ಅವನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನಾನು ಕಾಗ್ದ ಕೊಟ್ರೆ ಅದನ್ನ ತಂಗಿ ಮುಖಕ್ಕೆ ಹಿಡ್ದು, ನೋಡೇ, ಮೇಷ್ಟ್ರೇ ಬರೆದವ್ರೆ, ಹದಿನೇಳೂ ಆಗಿಲ್ಲ ಅಂತ ತೋರ್ಸಿ ಬಾಯಿ ಮುಚ್ಚಿಸ್ಬೇಕು, ಅದಕ್ಕೆ ಬಂದಿದ್ದ. ನಿನ್ನ ಹತ್ತನೇ ಕ್ಲಾಸು ಬರೆಸ್ಬೇಕು ಅಂತಿದ್ದ. ರಿಜಿಸ್ಟ್ರು, ಸೀಲು ಹಿಂದಿನ ದಿನವೇ ಮನೆಗೆ ತಂದಿಟ್ಕಂಡಿದ್ದೆ. ನಾನು ಒಳೀಕ್ ಹೋಗಿ, ಬ್ಲೇಡಲ್ಲಿ ಕೆರೆದು, ಸೊನ್ನೆ ಬರೆದು, ಸರ್ಟಿಫಿಕೇಟಿಗೆ ಸೀಲು ಹೊಡ್ದು ತಂದುಕೊಟ್ಟೆ. ಅವನಿಗೆ ಓದಕ್ ಬರಲ್ಲ. ಎರಡು ಕೈಲೂ ಈಸ್ಕಂಡು, ಕಣ್ಣಿಗೆ ಒತ್ಕಂಡು, ಜೇಬಿಗೆ ಇಟ್ಕಂಡ.

ಲಗ್ನದ ಸಮಿತಿ ಮೇಜಿನ ಹಿಂದೆ ಕೂತಿದ್ದೋನೂ ನಾನೇ. ನಿಮ್ಮಪ್ಪ ಕಾಗ್ದ ಕೊಟ್ಟು ನಿಂತ, ಆಗಲ್ಲ ಅಂತಾರೆ ಅಂತ ಕಾಯ್ತಾ. ಸರಿಯಾಗದೆ, ಹದಿನೆಂಟು ತುಂಬದೆ ಅಂದೆ. "ಇಲ್ಲ ಸಾ, ನನ್ ಮಗಳು ಸಾ, ನನಗೆ ಗೊತ್ತಿಲ್ವಾ..." ಅಂದ. ಕಾಗ್ದದಲ್ಲಿ ಏನದೆಯೋ ಅದೇ ನಿಜ ಕಣೋ ಚಿಕ್ಕಹನುಮ ಅಂದೆ. ಸುತ್ತ ಜನ ನಕ್ರು. ತನ್ ಮಗಳ ವಯಸ್ಸೇ ಗೊತ್ತಿಲ್ಲ ಇವನಿಗೆ ಅಂತ. ಅವನೂ ನಕ್ಕ, ಅವರ ಜೊತೇಲಿ... ಎಲ್ರೂ ನಗ್ತಾ ಅವರೆ ಅಂತ.

ಕೋರಿಕೆ ಇರ್ಲಿಲ್ಲ ಕಣಮ್ಮ. ಹೊಡೆದ್ ಹಾಕ್ತೀನಿ ಆ ಸಾಲು. ಅವನು ಅವತ್ತು ಆ ಮೆಟ್ಲ ಹತ್ರ ನಿಂತು ಕೇಳಿದ್ದು ಒಂದೇ ಮಾತು. "ಇದ್ದಂಗೇ ಬರ್ಕೊಡಿ ಸಾ." ಅಷ್ಟೇ. ಇದ್ದಂಗೇ ಬರ್ಕೊಡಿ ಅಂದ.

ಅದನ್ನೇ ಬರೀತೀನಿ ಈಗ. ಬೆಳಕು ಹೋಯ್ತಾ ಅದೆ... ಬೆರಳು ತೆಗಿ ತಾಯಿ.